ಬಿಡುವ ಅಧಿಕಾರ ನನಗಿರಲಿಲ್ಲ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಮಾತೆತ್ತಿದರೆ ನಾನು ನಗುತ್ತಿದ್ದವನು. ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಗಿದ್ದ ಅಪ್ಪ ಕುಂದಾಪುರದ ಕಡೆಯ ಅಂಥ ಕಥೆಗಳನ್ನು ಹೇಳಿದಾಗಲೂ, ‘ಅದಕ್ಕೆ ಪಂಚನಾಮೆ ಆಗಿದೆಯಾ?’ ಎಂದು ಕೀಟಲೆ ಮಾಡುತ್ತಿದ್ದೆ. ಅರಣ್ಯ ಇಲಾಖೆಗೆ ಸೇರಿದ ಮೇಲಂತೂ ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂಬ ಬುದ್ಧಿ ಬಂದುಬಿಟ್ಟಿತ್ತು. ಈಗ ಹೇಳಹೊರಟಿರುವ ಸಂಗತಿಯ ತೊಡಕೇನೆಂದರೆ, ಅದಕ್ಕೆ ಕಾಗದವೂ ಇದೆ, ಬರೆದವನೂ ನಾನೇ.

ಆಗ ನಾನು ಮುಂಬಯಿ ಉಪನಗರದ ಅಂಚಿನ ಕಾಡಿನಲ್ಲಿ ಗಾರ್ಡ್. ನಮ್ಮ ಚೌಕಿಯ ಒಂದು ಬದಿಗೆ ಇಪ್ಪತ್ತು ಮಹಡಿಯ ಬಿಲ್ಡಿಂಗುಗಳು, ಇನ್ನೊಂದು ಬದಿಗೆ ಚಿರತೆ ಓಡಾಡುವ ಇಳಿಜಾರು. ಒಂದು ಕೋಣೆ, ಒಂದು ಮೇಜು, ಒಂದು ಬೆಂಚು. ಬಾಗಿಲೂ ಒಂದೇ, ಅದು ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಇದನ್ನು ಸುಮ್ಮನೆ ಹೇಳುತ್ತಿಲ್ಲ, ದಯವಿಟ್ಟು ನೆನಪಿಡಿ.

ನಮ್ಮಲ್ಲಿ ಅಧಿಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿದ್ದಾರೆ. ಕಾಡಿನಲ್ಲಿ ತಪ್ಪು ಮಾಡಿದವನನ್ನು ವಾರಂಟಿಲ್ಲದೆ ಹಿಡಿಯುವ, ಅವನ ಕೈಯಲ್ಲಿದ್ದುದನ್ನು ಜಪ್ತಿ ಮಾಡುವ ಅಧಿಕಾರ ಕಟ್ಟಕಡೆಯ ಗಾರ್ಡಿಗೂ ಇದೆ. ಆದರೆ ಹಿಡಿದವನಿಂದ ಬಾಂಡ್ ಬರೆಸಿಕೊಂಡು ಬಿಡಬೇಕಾದರೆ ರೇಂಜರೇ ಬೇಕು. ಸಾಕ್ಷಿಗಳನ್ನು ಕರೆಸಿ, ಕೋರ್ಟಿನಲ್ಲಿ ನಿಲ್ಲುವಂಥ ಹೇಳಿಕೆ ಬರೆದುಕೊಳ್ಳಲು ಇನ್ನೂ ಮೇಲಿನ ಸಾಹೇಬರು ಬೇಕು. ಹೊಸದರಲ್ಲಿ ನನಗೆ ಇದು ಬಹಳ ಅಚ್ಚುಕಟ್ಟಾದ ಏರ್ಪಾಡಾಗಿ ಕಂಡಿತ್ತು.

ಮಾರ್ಚ್ ತಿಂಗಳ ಒಂದು ದಿನ ಹನ್ನೊಂದು ಗಂಟೆಗೆ ಸೋಮಾ ಎಂಬ ಮುದುಕನನ್ನು ಹಿಡಿದೆ. ಕಾಡಿನೊಳಗಿನ ಆದಿವಾಸಿ ಹಾಡಿಯವನು; ಇಲ್ಲಿ ಅದನ್ನು ಪಾಡಾ ಎನ್ನುತ್ತಾರೆ. ಚೌಕಿಯಿಂದ ಅಲ್ಲಿಗೆ ನಡೆದರೆ ಒಂದೂವರೆ ತಾಸು. ಹಳ್ಳದ ದಂಡೆಯ ಹೊಳೆಮತ್ತಿ ಮರದ ತೊಗಟೆಯನ್ನು ಕತ್ತಿಯಿಂದ ಸುಲಿಯುತ್ತಿದ್ದ. ಹಸಿ ಮರಕ್ಕೆ ಕತ್ತಿ ಹಾಕುವುದು ಅಪರಾಧ. ಹೆಂಡತಿಗೆ ಎದೆನೋವು, ಉಸಿರು ಕಟ್ಟುತ್ತಿದೆ, ಕಷಾಯಕ್ಕೆ ತೊಗಟೆ ಬೇಕು ಎಂದು ಮರಾಠಿಯಲ್ಲಿ ಹೇಳಿ ಕೈಮುಗಿದ. ನಾನು ನಂಬಲಿಲ್ಲ. ನಾವು ಹಿಡಿದವರ ಮನೆಯಲ್ಲೆಲ್ಲ ಯಾರಿಗಾದರೂ ಕಾಯಿಲೆ ಇದ್ದೇ ಇರುತ್ತದೆ. ಕತ್ತಿಯನ್ನೂ ತೊಗಟೆಯನ್ನೂ ಜಪ್ತಿ ಮಾಡಿ ಅವನನ್ನು ಚೌಕಿಗೆ ತಂದು ಬೆಂಚಿನ ಮೇಲೆ ಕೂರಿಸಿದೆ.

ಹತ್ತು ನಿಮಿಷಕ್ಕೊಮ್ಮೆ ಅವನು ಅದನ್ನೇ ಹೇಳುತ್ತಿದ್ದ. ‘ಬಿಡಿ ಸಾಹೇಬ, ಒಂದು ಸಲ ಮುಖ ನೋಡಿ ತಿರುಗಿ ಬರುತ್ತೇನೆ.’ ಒಂದು ಗಂಟೆಯ ಹೊತ್ತಿಗೆ ನನಗೂ ಕಸಿವಿಸಿಯಾಯಿತು. ರೇಂಜರ್ ಸಾಕ್ಷಿ ಹೇಳಲು ಅಂಧೇರಿಯ ಕೋರ್ಟಿಗೆ ಹೋಗಿದ್ದರು, ಫೋನ್ ಬಂದ್. ನನಗಿಂತ ಒಂದು ಮೆಟ್ಟಿಲು ಮೇಲಿನ, ರಜೆಯಲ್ಲಿದ್ದ ಫಾರೆಸ್ಟರ್ ಬಿರಾದಾರ್ ಸಾಹೇಬರಿಗೆ ಫೋನ್ ಮಾಡಿದೆ. ಅವರು ವಿಜಯಪುರದ ಕಡೆಯವರು. ‘ಹಿಡಿಯೂ ಪವರ್ ನಿನಗೈತಿ ತಮ್ಮಾ. ಬಿಡೂ ಪವರ್ ನಿನಗೂ ಇಲ್ಲ, ನನಗೂ ಇಲ್ಲ. ರೇಂಜರ್ ಸಾಹೇಬ್ರು ಬರೂತನಕ ಕೂಡ್ರಿಸು, ಸುಮ್ನ ನೌಕರಿ ಕಳಕೋಬ್ಯಾಡ’ ಎಂದರು.

ಮುದುಕನಿಗೆ ಅದನ್ನೇ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ‘ಹಿಡಿದದ್ದು ನೀವೇ ಅಲ್ಲವೇ?’ ಎಂದು ಕೇಳಿದ.

ನಾಲ್ಕು ದಾಟಿದ ಮೇಲೆ ಇದ್ದಕ್ಕಿದ್ದಂತೆ ನೀರು ಕೇಳಿದ. ಸ್ಟೀಲ್ ಲೋಟದಲ್ಲಿ ಕೊಟ್ಟೆ. ನಮ್ಮ ವಶದಲ್ಲಿರುವವರಿಗೆ ಏನು ಕೊಟ್ಟರೂ ಸಮಯ ಹಾಕಿ ಬರೆಯುವುದು ಆ ಚೌಕಿಯ ಪದ್ಧತಿ. ‘4.10, ಆರೋಪಿಗೆ ನೀರು ಕೊಡಲಾಯಿತು’ ಎಂದು ರಿಜಿಸ್ಟರಿನಲ್ಲಿ ಬರೆದೆ. ತಲೆಯೆತ್ತಿ ನೋಡಿದರೆ ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಸು ಮುಂದಕ್ಕೆ ಬಾಗಿ ಕೂತಿದ್ದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಲೋಟ ಹಿಂದಿರುಗಿಸಿದ. ಅದು ಖಾಲಿಯಾಗಿತ್ತು. ಅವನು ಕುಡಿದದ್ದನ್ನು ನಾನು ನೋಡಲಿಲ್ಲ; ನೆಲವೂ ಒದ್ದೆಯಾಗಿರಲಿಲ್ಲ. ‘ಆಯಿತು ಸಾಹೇಬ’ ಎಂದ. ಅಲ್ಲಿಂದಾಚೆಗೆ ಬಿಡಿ ಎಂದು ಒಂದು ಸಲವೂ ಕೇಳಲಿಲ್ಲ. ಆ ಮೌನ ನನಗೆ ಆಗ ಹಾಯೆನಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆರೂವರೆಗೆ ರೇಂಜರ್ ಬಂದರು. ಹತ್ತೇ ನಿಮಿಷದಲ್ಲಿ ಬಾಂಡ್ ಆಯಿತು, ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟರು. ಪಾಪ ಎನಿಸಿ ನಾನೇ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪಾಡಾಕ್ಕೆ ಹೋದೆ.

ಗುಡಿಸಲ ಮುಂದೆ ಜನ ನೆಲ ನೋಡುತ್ತ ಕೂತಿದ್ದರು. ನಾನು ಬೈಕನ್ನು ದೂರದಲ್ಲೇ ನಿಲ್ಲಿಸಿದೆ. ಒಳಗಿನಿಂದ ಬಂದ ನಾದಿನಿ, ಸತ್ತವಳ ತಂಗಿ, ಸೋಮಾನನ್ನು ನೋಡಿದ್ದೇ ಬೈಯತೊಡಗಿದಳು. ‘ನೀನೇ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದೆ. ಉಸಿರು ನಿಂತದ್ದೇ ಎದ್ದು ಎಲ್ಲಿಗೆ ಹೋದೆ? ನಾವು ಕಾಯುತ್ತಾ ಕೂತಿದ್ದೇವೆ.’

ಯಾವಾಗ ಎಂದು ಕೇಳಿದೆ. ನಾಲ್ಕು ಗಂಟೆಯ ನಲ್ಲಿ ನೀರು ಆಗಷ್ಟೇ ಬಂದಿತ್ತು ಎಂದಳು. ಇವನು ಬೆಳಗಿನಿಂದ ನನ್ನೆದುರೇ ಇದ್ದ, ಚೌಕಿ ಬಿಟ್ಟು ಕದಲಿಲ್ಲ ಎಂದೆ. ಪಕ್ಕದ ಗುಡಿಸಲಿನ ಇಬ್ಬರು, ತಾವೂ ಬಾಗಿಲಲ್ಲಿ ನಿಂತು ನೋಡಿದೆವು ಎಂದರು, ಅಷ್ಟೇ. ನಾನು ಸೋಮಾನತ್ತ ತಿರುಗಿದೆ. ಅವನು ಮೆಲ್ಲಗೆ ಹೇಳಿದ: ‘ನೀರು ಕೊಟ್ಟವರು ನೀವೇ ಅಲ್ಲವೇ ಸಾಹೇಬ?’

ಲೆಕ್ಕವಿಲ್ಲದಷ್ಟು ಸಲ ಯೋಚಿಸಿದ್ದೇನೆ. ಗುಡಿಸಲಲ್ಲಿ ಮಬ್ಬುಗತ್ತಲೆ, ದುಃಖದಲ್ಲಿ ಬೇರೆ ಯಾರನ್ನೋ ಅವನೆಂದು ತಿಳಿದಿರಬಹುದು. ಆದರೆ ಮೂರೂ ಜನ? ನಾನೇ ತೂಕಡಿಸಿದ್ದೆನೇ? ತೂಕಡಿಸಿದ್ದರೂ, ಒಂದೂವರೆ ತಾಸಿನ ದಾರಿ ಹೋಗಿ ಬಂದು ಮತ್ತೆ ಅದೇ ಬೆಂಚಿನಲ್ಲಿ ಕೂರಲು ಯಾರಿಗೆ ಸಾಧ್ಯ? ಅವರ ಹೇಳಿಕೆ ಬರೆದುಕೊಳ್ಳುವ ಅಧಿಕಾರವೂ ನನ್ನದಲ್ಲ, ಹಾಗಾಗಿ ಅದು ಯಾವ ಫೈಲಿನಲ್ಲೂ ಇಲ್ಲ.

ಇದಕ್ಕಿಂತ ಹೆಚ್ಚು ಸುಡುವುದು ಇನ್ನೊಂದಿದೆ. ಬಿಡುವ ಅಧಿಕಾರ ನನಗಿರಲಿಲ್ಲ, ನಿಜ. ಆದರೆ ಹಿಡಿದವನನ್ನು ಬೈಕಿನಲ್ಲಿ ಕೂರಿಸಿಕೊಂಡು, ಅವನ ಮನೆಗೆ ಹೋಗಿ, ಹೆಂಡತಿಯ ಮುಖ ತೋರಿಸಿ, ಮತ್ತೆ ಚೌಕಿಗೆ ಕರೆತರಬಾರದೆಂದು ಯಾವ ಕಾನೂನೂ ಹೇಳಿರಲಿಲ್ಲ. ನನ್ನ ವಶದಲ್ಲೇ ಇರುತ್ತಿದ್ದ. ಬೈಕು ಇಡೀ ದಿನ ಬಾಗಿಲಲ್ಲೇ ನಿಂತಿತ್ತು. ಹಿಡಿಯುವುದು, ಬಿಡುವುದು, ಈ ಎರಡರ ನಡುವೆ ಮೂರನೆಯದೊಂದು ಇದೆಯೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಅವತ್ತು ಪಾಡಾದಿಂದ ಒಬ್ಬನೇ ವಾಪಸು ಬರುವಾಗ. ಗಾಡಿ ನಿಲ್ಲಿಸಿ ಅತ್ತೆ.

ಈಗ ನಾನು ಫಾರೆಸ್ಟರ್. ಬಿಡುವ ಅಧಿಕಾರ ಇನ್ನೂ ಒಂದು ಮೆಟ್ಟಿಲು ಮೇಲಿದೆ. ಆ ರಿಜಿಸ್ಟರು ಕಪಾಟಿನಲ್ಲಿದೆ, ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ‘11.30ರಿಂದ 6.40ರವರೆಗೆ ಆರೋಪಿ ಚೌಕಿಯಲ್ಲೇ ಇದ್ದನು’ ಎಂಬ ಸಾಲಿನ ಕೆಳಗೆ ನನ್ನ ಸಹಿ. ಅದರಲ್ಲಿ ನಾನು ಒಂದಕ್ಷರವನ್ನೂ ಸುಳ್ಳು ಬರೆದಿಲ್ಲ, ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಅದು ನಿಜವಾದರೆ ಆಕೆ ಗಂಡನ ಮುಖ ಕಾಣದೆ ಸತ್ತಳು ಎಂದಾಗುತ್ತದೆ. ಪುಟ ಮುಚ್ಚುವಾಗ ಪ್ರತಿಸಲವೂ ಬೇಡಿಕೊಳ್ಳುತ್ತೇನೆ: ದೇವರೇ, ನಾನು ಬರೆದ ಈ ಒಂದು ಸಾಲು ಸುಳ್ಳಾಗಿರಲಿ.