ಕೊನೆಯ ಖಾಲಿ ಪುಟದ ಸುಮಾ

ಮಟ್ಟಾಂಚೇರಿಯ ಹಳೆಯ ಗೋದಾಮೊಂದನ್ನು ಕೆಡವುತ್ತಿರುವ ಸುದ್ದಿ ಮಾಡಲು ಹೋದವಳು, ಮೂಲೆಯಲ್ಲಿ ಬಿದ್ದಿದ್ದ ಖಾಲಿ ಟೀ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ತೆಳುವಾದ ಪ್ಲೈವುಡ್ಡು, ಒಳಗೆ ಬೆಳ್ಳಿಬಣ್ಣದ ಹಾಳೆ, ಚಹಾಪುಡಿಯ ಒಣ ಒಗರು. ಅದಕ್ಕೆ ಹಳೆ ಕಾಗದದ ವಾಸನೆ ಸೇರಿದ್ದರೆ ವಿಲ್ಲಿಂಗ್ಡನ್ ಐಲ್ಯಾಂಡಿನ ನಮ್ಮ ಕ್ವಾರ್ಟರ್ಸ್ ಆಗುತ್ತಿತ್ತು. ಆ ಸಾಲು ಮನೆಗಳು ಈಗಿಲ್ಲ. ವರ್ಗವಾಗಿ ಊರೂರು ತಿರುಗಿದವರಿಗೆ ಗೊತ್ತಿರುತ್ತದೆ: ಅಂಥ ಮನೆಗಳು ನಮ್ಮವಲ್ಲ, ಹಾಗಾಗಿ ಅವು ಬಿದ್ದಾಗ ನಮಗೆ ಯಾರೂ ತಿಳಿಸುವುದಿಲ್ಲ.

ಅಪ್ಪನಿಗೆ ಬಂದರಿನ ಕಚೇರಿಯೊಂದರಲ್ಲಿ ಕೆಲಸ. ಧಾರವಾಡದಿಂದ ಬಂದು ವರ್ಷವೂ ತುಂಬಿರಲಿಲ್ಲ. ನನಗೆ ಹತ್ತು ವರ್ಷ. ಶಾಲೆಯಲ್ಲಿ ಮಲಯಾಳ ಬೇಗ ಬಂದಿತ್ತು. ಪೇಟೆಯ ಕೆಲಸವೆಲ್ಲ ಅಪ್ಪನದೇ ಆದ್ದರಿಂದ ಅವ್ವನಿಗೆ ಬಂದಿರಲಿಲ್ಲ. ಅವಳಿಗಿದ್ದದ್ದು ಅಂಥದೇ ಒಂದು ಟೀ ಪೆಟ್ಟಿಗೆ. ಪಾಲಾರಿವಟ್ಟಂನ ಬ್ಯಾಂಕಿನಲ್ಲಿದ್ದ ಕುಲಕರ್ಣಿ ಕಾಕಾ ಕೆಲಸದ ಮೇಲೆ ತಿಂಗಳಿಗೊಮ್ಮೆ ತಿರುವನಂತಪುರಕ್ಕೆ ಹೋಗುತ್ತಿದ್ದರು. ಅಲ್ಲಿನ ವಿಜ್ಞಾನಿಯೊಬ್ಬರ ಹೆಂಡತಿಯ ಬಳಿ ಕನ್ನಡ ಪುಸ್ತಕಗಳಿದ್ದವು, ಅವ್ವನ ಬಳಿಯೂ ಇದ್ದವು. ಟೀ ಪೆಟ್ಟಿಗೆಯಲ್ಲಿ ತುಂಬಿ ಅವನ್ನು ಅತ್ತಿತ್ತ ಮಾಡುವುದು ಕಾಕಾನ ಪಾಲಿಗೆ ಬಂತು. ಓದಿದ ಮೇಲೆ ಅವ್ವ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ತನಗನಿಸಿದ್ದನ್ನು ಬರೆಯುತ್ತಿದ್ದಳು. ವಿಜ್ಞಾನಿಯ ಹೆಂಡತಿ ಅದರ ಕೆಳಗೆ ಬರೆದು ಸುಮಾ ಎಂದು ಸಹಿ ಮಾಡುತ್ತಿದ್ದರು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ.

ಪತ್ತೇದಾರಿ ಕಾದಂಬರಿಯೊಂದಕ್ಕೆ ಅವ್ವ, ಕೊಲೆಗಾರ ಮೂವತ್ತನೇ ಪುಟದಲ್ಲೇ ಸಿಕ್ಕ, ಉಳಿದದ್ದು ಕಾಗದ ದಂಡ ಎಂದು ಬರೆದಳು. ನನಗೆ ಕೊನೆಯವರೆಗೂ ಸಿಗಲಿಲ್ಲ, ನೀವು ಪೊಲೀಸರಾಗಿ ಎಂದು ಸುಮಾ ಬರೆದರು. ಅಡುಗೆ ಪುಸ್ತಕಕ್ಕೆ ಅವ್ವ: ಇದನ್ನು ಬರೆದಾಕೆಗೆ ಪಾತ್ರೆ ತೊಳೆದು ಗೊತ್ತಿಲ್ಲ. ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕುವ ಗಂಡನ ಕಥೆಯನ್ನು ಅವ್ವ ಅತಿಯಾಯಿತು ಎಂದು ತಳ್ಳಿಹಾಕಿದ್ದಳು. ಅದರ ಕೆಳಗೆ ಸುಮಾ ಬರೆದದ್ದು, ಇಲ್ಲ, ಹೀಗೇ ಇರುತ್ತದೆ. ಆ ಸಾಲನ್ನು ಅವ್ವ ಎರಡು ಸಲ ಓದಿ, ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿದ್ದು ನೆನಪಿದೆ.

ಸುಮಾ ಮೈಸೂರಿನವರು, ತಿರುವನಂತಪುರದಲ್ಲಿ ಹತ್ತು ವರ್ಷ ಕಳೆದು ಅವರ ಕನ್ನಡದಲ್ಲಿ ಮಲಯಾಳ ಬೆರೆತಿತ್ತು. ಒಂದು ಹಾಸ್ಯದ ಪುಸ್ತಕಕ್ಕೆ ‘ಅಡಿಪೊಳಿ’ ಎಂದಷ್ಟೇ ಬರೆದಿದ್ದರು.

“ಅಡಿಪೊಳಿ ಅಂದ್ರ ಏನವಾ? ಬೈದಾಳೋ, ಹೊಗಳ್ಯಾಳೋ?”

“ಭಾರೀ ಐತಿ ಅಂತ, ಅವ್ವ.”

ಹೀಗೆ ಗೊತ್ತಿಲ್ಲದ ಪದ ಬಂದಾಗಲೆಲ್ಲ ಅವ್ವ ನನ್ನನ್ನು ಕೇಳುತ್ತಿದ್ದಳು. ಗೊತ್ತಿದೆ ಎಂದುಕೊಂಡ ಪದವನ್ನು ಕೇಳುವುದು ಹೇಗೆ?

ಆ ಸಲ ಬಂದದ್ದು ಗೃಹಿಣಿಯರಿಗೆ ಬುದ್ಧಿ ಹೇಳುವ ಒಂದು ಪುಸ್ತಕ. ತಾಳಬೇಕು, ನಗುತ್ತಿರಬೇಕು, ಮನೆಯ ಮಾತು ಹೊಸಿಲು ದಾಟಬಾರದು. ಕೊನೆಯ ಪುಟದಲ್ಲಿ ಸುಮಾ ಬರೆದಿದ್ದರು: ‘ನನಗೆ ಮತಿಯಾಯಿತು.’ ಮತಿ ಎಂದರೆ ಕನ್ನಡದಲ್ಲಿ ಬುದ್ಧಿ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ಬುದ್ಧಿ ಬಂತಂತ ನೋಡು ಆಕಿಗೆ. ಚಾಷ್ಟಿ ಮಾಡ್ಯಾಳ.” ಅವಳ ಹೆಗಲ ಹಿಂದೆ ನಿಂತು ನಾನೂ ಓದಿದೆ. ಮಲಯಾಳದಲ್ಲಿ ಮತಿ ಎಂದರೆ ಸಾಕು. ನನಗೆ ಮತಿಯಾಯಿತು ಎಂದರೆ, ನನಗೆ ಸಾಕಾಗಿಹೋಯಿತು. ಶಾಲೆಯಲ್ಲಿ ದಿನವೂ ಕೇಳುವ ಮಾತದು. ಅವ್ವ ನಕ್ಕು ಎಷ್ಟೋ ದಿನವಾಗಿತ್ತು. ನಾನು ಬಾಯಿ ಬಿಡಲಿಲ್ಲ. ಅವಳು ಪೆನ್ಸಿಲು ತೆಗೆದುಕೊಂಡು ಕೆಳಗೆ ಬರೆದಳು: ‘ನಿಮಗಾದರೂ ಆಯಿತಲ್ಲ, ಪುಣ್ಯವಂತರು. ನನಗಿನ್ನೂ ಆಗಿಲ್ಲ.’ ಪುಸ್ತಕ ಪೆಟ್ಟಿಗೆ ಸೇರಿ ತಿರುವನಂತಪುರಕ್ಕೆ ಹೋಯಿತು.

ಮುಂದಿನ ತಿಂಗಳು ಕಾಕಾ ಪೆಟ್ಟಿಗೆಯನ್ನು ವರಾಂಡದಲ್ಲೇ ಇಳಿಸಿ ಕೂತರು. “ಆಕಿ ಹೋದ್ಲು, ವೈನಿ,” ಎಂದರು. ಆಮೇಲೆ ಅಪ್ಪನಿಗೆ ತಗ್ಗಿದ ದನಿಯಲ್ಲಿ, ತಾನಾಗೇ ಜೀವ ಕಳಕೊಂಡಾಳ ಎಂದದ್ದು ನನಗೂ ಕೇಳಿಸಿತು. ಅವ್ವ ಪೆಟ್ಟಿಗೆಯಿಂದ ಆ ಪುಸ್ತಕವನ್ನೇ ಹುಡುಕಿ ತೆಗೆದಳು. ಅವಳ ಸಾಲಿನ ಕೆಳಗೆ ಏನೂ ಇರಲಿಲ್ಲ. ಸುಮಾ ಅದನ್ನು ಓದಿದ್ದರೋ ಇಲ್ಲವೋ, ತಿಳಿಯುವ ದಾರಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಪುಸ್ತಕ ಮುಚ್ಚದೆಯೇ ಅವ್ವ ನನ್ನನ್ನು ಕೇಳಿದಳು:

“ಮತಿ ಅಂದ್ರ ಇಲ್ಲಿ ಮಂದಿ ಬ್ಯಾರೆ ಏನರೆ ಅಂತಾರೇನವಾ?”

“ಇಲ್ಲವ್ವ. ಅದs ಅರ್ಥ.”

ಒಂದು ವಾರದ ಮೇಲೆ ಅಪ್ಪನಿಗೆ ಜ್ವರ ಬಂದು ತರಕಾರಿಗೆ ಅವ್ವನೇ ಹೊರಟಳು. ಜೊತೆಗೆ ನಾನು. ಅಂಗಡಿಯಾಕೆ ಅಲಸಂದಿ ಕಾಯಿ ತೂಗಿ ಚೀಲಕ್ಕೆ ಹಾಕುತ್ತ, ಇನ್ನೊಂದು ಹಿಡಿ ಕೈಯಲ್ಲಿ ಹಿಡಿದು, “ಮತಿಯೋ ಚೇಚಿ?” ಎಂದಳು. ಆಕೆ ಮತ್ತೆ ಅದನ್ನೇ ಕೇಳಿ, ಅರ್ಥವಾಗಲಿಲ್ಲವೆಂದುಕೊಂಡು, ಅಂಗೈ ಅಡ್ಡ ಹಿಡಿದು ಸಾಕೇ ಎಂದು ಸನ್ನೆ ಮಾಡಿ ತೋರಿಸಿದಳು. ಅವ್ವ ಆ ಅಂಗೈಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈಯಲಿಲ್ಲ. ಚೀಲ ತೆಗೆದುಕೊಂಡು ಮನೆಯ ಕಡೆ ನಡೆದಳು.

ಅದಾದ ಮೇಲೂ ಅವ್ವ ಬಹಳ ವರ್ಷ ಬದುಕಿದಳು, ಪುಸ್ತಕ ಓದಿದಳು. ನನ್ನನ್ನು ಮಾತ್ರ ಯಾವ ಪದದ ಅರ್ಥವನ್ನೂ ಮತ್ತೆ ಕೇಳಲಿಲ್ಲ.