ಡ್ರಾಯಿಂಗ್ ಮೇಷ್ಟ್ರ ತೊಟ್ಟಿಲು

ಡ್ರಾಯಿಂಗ್ ಮೇಷ್ಟ್ರ ಬಲಗೈ ನಡುಬೆರಳಿನ ಗೆಣ್ಣು ಜಡ್ಡುಗಟ್ಟಿ ಕಪ್ಪಾಗಿತ್ತು. ಕಬ್ಬಿಣ ಕಂಡಲ್ಲೆಲ್ಲ ಆ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಸದ್ದು ಕೇಳುವುದು ಅವರ ಅಭ್ಯಾಸ. ನನ್ನ ಉಪಕೇಂದ್ರಕ್ಕೆ ಬಂದರೆ ಮಕ್ಕಳನ್ನು ತೂಗುವ ತಕ್ಕಡಿಯನ್ನೂ ಬಿಡುತ್ತಿರಲಿಲ್ಲ. "ಬಿರುಕಿದ್ರೆ ಸದ್ದಲ್ಲೇ ಗೊತ್ತಾಗತ್ತೆ ಸಿಸ್ಟರೇ, ನಾವು ಕೇಳ್ಬೇಕಷ್ಟೆ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊಸನಗರ ತಾಲ್ಲೂಕಿನ ಆ ಊರಿಗೆ ನರ್ಸಾಗಿ ಬಂದಾಗ ಮೇಷ್ಟ್ರು ಅಲ್ಲಿನ ಹೈಸ್ಕೂಲಿನಲ್ಲಿದ್ದರು. ಜೂನ್ ಬಂತೆಂದರೆ ಹಳ್ಳಗಳು ಉಕ್ಕಿ, ಆಚೆಯ ಊರುಗಳಿಗೆ ದಾರಿಯೇ ಇರುತ್ತಿರಲಿಲ್ಲ. ಅದಕ್ಕೆಂದೇ ಅವರು ದಡದಿಂದ ದಡಕ್ಕೆ ಉಕ್ಕಿನ ಹಗ್ಗ ಬಿಗಿದು, ಅದರ ಮೇಲೆ ಓಡುವ ರಾಟೆಗೆ ಮರದ ಪೆಟ್ಟಿಗೆ ತೂಗುಹಾಕಿ, ಜನ ಎಳೆದುಕೊಂಡು ದಾಟುವ ಏರ್ಪಾಡು ಮಾಡಿದ್ದರು. ಊರವರು ಅದನ್ನು ತೊಟ್ಟಿಲು ಎಂದರು. ನಕ್ಷೆ ಕೇಳಿದವರಿಗೆಲ್ಲ ಮೇಷ್ಟ್ರು ಕೈಯಾರೆ ನಕಲು ಮಾಡಿ ಕೊಡುತ್ತಿದ್ದರು. "ಯಾರು ಬೇಕಾದ್ರೂ ಕಟ್ಕೊಳ್ಳಿ, ಏನು ಬೇಕಾದ್ರೂ ಬದಲಾಯ್ಸಿ. ಬದಲಾಯ್ಸಿದ್ದು ಮಾತ್ರ ಬಂದು ಎಲ್ರಿಗೂ ಹೇಳ್ಬೇಕು."

ತೀರ್ಥಹಳ್ಳಿ, ಸಾಗರದ ಕಡೆಯವರೂ ಕಟ್ಟಿಕೊಂಡರು. ಪ್ರತಿ ಮೇ ತಿಂಗಳು ಊರಿಗೊಬ್ಬರಂತೆ ಶಾಲೆಯಲ್ಲಿ ಸೇರುತ್ತಿದ್ದರು. ಮೇಗರವಳ್ಳಿ ಕಡೆಯವರು ಮಳೆ ತಡೆಯಲು ಪೆಟ್ಟಿಗೆಗೆ ಮಾಡು ಹಾಕಿದ್ದು ಹಾಗೆಯೇ ಎಲ್ಲ ಊರಿಗೂ ಹೋಯಿತು. ಸಭೆಯಲ್ಲಿ ಮೇಷ್ಟ್ರಿಗೂ ಒಂದೇ ಮತ. ಒಮ್ಮೆ ಅವರ ಮಾತೇ ಬಿದ್ದುಹೋದಾಗ ಸಂಭ್ರಮದಿಂದ ನನ್ನಲ್ಲಿಗೆ ಬಂದಿದ್ದರು: "ನೋಡಿದ್ರಾ ಸಿಸ್ಟರೇ, ಇನ್ನು ಇದು ನಂದಲ್ಲ!"

ರಾಟೆಗಳನ್ನು ತೀರ್ಥಹಳ್ಳಿಯ ಮುದುಕ ಕಮ್ಮಾರನೊಬ್ಬ ಬಡಿದುಕೊಡುತ್ತಿದ್ದ. ಕಣ್ಣು ಮಂಜಾಗಿ ಅವನು ಕುಲುಮೆ ನಿಲ್ಲಿಸಿದ. ಆ ವರ್ಷದ ಸಭೆಗೆ ಯಾರೋ ಸಾಗರದ ಅಂಗಡಿಯಿಂದ ಎರಕದ ರಾಟೆ ತಂದರು. ಎಲ್ಲಿಯದೋ ಕಾರ್ಖಾನೆಯದು, ಹಸಿರು ಬಣ್ಣ, ನೋಡಲು ನಯ. ಮೇಷ್ಟ್ರು ತಟ್ಟಿದರು, ಮರಳಿನ ಚೀಲ ತೂಗಿಸಿ ನೋಡಿದರು. ಚೆನ್ನಾಗಿತ್ತು. ಎಲ್ಲರೂ ಒಪ್ಪಿದರು. ಉಳಿದ ರಾಟೆಗಳು ಆಮೇಲೆ ಅಂಗಡಿಯಿಂದ ನೇರವಾಗಿ ಊರುಗಳಿಗೇ ಹೋದವು. ಅವನ್ನು ಯಾರೂ ತಟ್ಟಲಿಲ್ಲ.

ಜುಲೈನ ಒಂದು ಬೆಳಿಗ್ಗೆ ಆಚೆ ದಡದ ರೈತನೊಬ್ಬ ತೊಟ್ಟಿಲಲ್ಲಿ ದಾಟಿ ಓಡಿಬಂದ. ಹೆಂಡತಿಗೆ ಚೊಚ್ಚಲ ಹೆರಿಗೆ, ನೋವು ಶುರುವಾಗಿ ಒಂದು ದಿನವಾಗಿತ್ತು. ಆಸ್ಪತ್ರೆಗೇ ಒಯ್ಯಬೇಕೆನಿಸಿತು. ನಾನೇ ಆಚೆ ಹೋಗಬಹುದಿತ್ತು; ಹೊತ್ತು ಉಳಿಯಲಿ ಎಂದು, "ತೊಟ್ಟಿಲಲ್ಲಿ ಕೂರಿಸ್ಕೊಂಡು ಬನ್ನಿ, ಜೀಪಿಗೆ ಹೇಳಿ ಈಚೆ ದಡದಲ್ಲಿ ನಾನಿರ್ತೀನಿ" ಎಂದೆ. ನಾನಿದ್ದೆ. ಹಳ್ಳದ ನಡುವೆ ಬಂದಾಗ ಅವಳು ನನ್ನನ್ನು ಕಂಡು ಕೈ ಎತ್ತಿದಳು. ಆಗಲೇ ರಾಟೆ ಒಡೆಯಿತು. ಜೊತೆಗಿದ್ದ ಗಂಡ ಹಗ್ಗಕ್ಕೆ ಜೋತುಬಿದ್ದು ಉಳಿದ. ಅವಳು ಎರಡು ದಿನದ ಮೇಲೆ ಕೆಳಗಿನ ಗದ್ದೆಯಂಚಿನಲ್ಲಿ ಸಿಕ್ಕಳು.

ಹಗ್ಗದಲ್ಲಿ ಸಿಕ್ಕಿಕೊಂಡಿದ್ದ ರಾಟೆಯ ಚೂರನ್ನು ಮೇಷ್ಟ್ರು ಬೆಳಕಿಗೆ ಹಿಡಿದರು. ಎರಕದೊಳಗೆಲ್ಲ ಹುಳ ತಿಂದಂತೆ ತೂತು.

"ನೀವೊಬ್ರೇ ಮಾಡಿದ್ದಾ ಮೇಷ್ಟ್ರೇ? ನಾವೆಲ್ಲ ಕೂತು ಒಪ್ಪಿದ್ದಲ್ದಾ?" ಎಂದರು ಊರ ಹಿರಿಯ ಗೌಡರು.

"ಒಪ್ಪಿದ್ದು ಎಲ್ರೂ ಗೌಡ್ರೇ. ಒಂದೊಂದನ್ನೂ ತಟ್ಟಿ ನೋಡೋರು ಯಾರು ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಅಂದೇ ಆ ಚೂರನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಬಸ್ಸು ಹಿಡಿದು, ಬಸ್ಸಿಲ್ಲದ ಕಡೆ ನಡೆದು, ಊರೂರಿನ ತೊಟ್ಟಿಲು ಇಳಿಸಿದರು. ಒಂದು ಊರಿನವರು ಮಾತ್ರ ಅಡ್ಡ ನಿಂತರು. "ಇಳ್ಸಿದ್ರೆ ನಾವು ಆಚೆ ಹೋಗೋದೆಂಗೆ? ನಮ್ಮ ರಾಟೆ ಗಟ್ಟಿ ಇದೆ." ಮೇಷ್ಟ್ರು ಚೂರನ್ನು ಅವರ ಕೈಗಿಟ್ಟು, ಆ ಹೆಂಗಸಿನ ಹೆಸರು ಹೇಳಿ, ವಯಸ್ಸು ಹೇಳಿ, ಅಲ್ಲೇ ಅತ್ತುಬಿಟ್ಟರಂತೆ. ಕೊನೆಗೆ ಆ ಊರಿನವರೇ ಇಳಿಸಿದರು. ಆಮೇಲೆ ಮೇಷ್ಟ್ರು ರಜೆ ಹಾಕಿ, ಮುದುಕ ಕಮ್ಮಾರನನ್ನು ಬೇಡಿಕೊಂಡು, ತಾವೇ ತಿದಿ ಒತ್ತಿ, ಅವನು ಹೇಳಿದಂತೆ ತಾವೇ ಬಡಿದು, ಊರಿಗೊಂದು ರಾಟೆ ಮಾಡಿದರು. ಪ್ರತಿ ಊರಲ್ಲೂ ಮೊದಲು ತಾವು ಕೂತು ದಾಟಿದರು.

ಆ ರೈತನ ಮನೆಗೆ ವರ್ಷಕ್ಕೊಮ್ಮೆ ಹೋಗಿ ಜಗಲಿಯಲ್ಲಿ ಕೂರುತ್ತಿದ್ದರು. ಅವನು ಒಂದು ಲೋಟ ನೀರು ತಂದಿಡುತ್ತಿದ್ದ. ಕುಡಿದು ಎದ್ದು ಬರುತ್ತಿದ್ದರು.

ಎಂಬತ್ತರ ದಶಕದ ನಡುವೆ ಮೇಷ್ಟ್ರ ಶ್ವಾಸಕೋಶ ಕೆಟ್ಟಿತು. ಇಂಜೆಕ್ಷನ್ ಕೊಡಲು ನಾನೇ ಹೋಗುತ್ತಿದ್ದೆ. ಒಂದು ಸಂಜೆ, ಹೊರಟವಳನ್ನು ಕೈ ಹಿಡಿದು ನಿಲ್ಲಿಸಿದರು.

"ಸಿಸ್ಟರೇ, ಅವತ್ತು ನೀವು ತೊಟ್ಟಿಲಲ್ಲಿ ಕರ್ಕೊಂಬನ್ನಿ ಅಂದಿದ್ದು ತಪ್ಪಲ್ಲ. ನಂಬಿದೋರ ತಪ್ಪೇನಿಲ್ಲ ಅದ್ರಲ್ಲಿ. ಮನ್ಸಿಗೆ ಹಚ್ಕೋಬೇಡಿ."

ಅಷ್ಟು ವರ್ಷ ನಾನು ಅದನ್ನು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಅವರಿಗೆ ಹೇಗೆ ತಿಳಿಯಿತೋ. ಆ ರಾಟೆಯನ್ನು ಅವರೂ ನಂಬಿದವರೇ ತಾನೆ? ಅದೇ ಮಾತನ್ನು ನಾನು ಅವರಿಗೂ ಹೇಳಬೇಕಿತ್ತು. ನಾಡಿ ನೋಡುವ ನೆಪದಲ್ಲಿ ಗಡಿಯಾರಕ್ಕೆ ಕಣ್ಣು ನೆಟ್ಟೆ, ನಾಳೆ ಹೇಳಿದರಾಯಿತು ಎಂದುಕೊಂಡು ಎದ್ದು ಬಂದೆ.

ಬೆಳಗಾಗುವುದರೊಳಗೆ ಮೇಷ್ಟ್ರು ಹೋಗಿಬಿಟ್ಟಿದ್ದರು.