ಅತ್ತಿಯನ್ನು ಮರ ಮಾಡಿದವನಿಗೆ

ನಮ್ಮ ಕವಿಕೂಟ ಹೇಗೆ ಹುಟ್ಟಿತು ಎಂದು ಈಗಲೂ ಯಾರಾದರೂ ಕೇಳುತ್ತಾರೆ. ವೇದಿಕೆಯ ಮೇಲಾದರೆ ನಾಡು, ನುಡಿ ಎಂದೇನೋ ಹೇಳುತ್ತೇನೆ. ನಿಜವೆಂದರೆ ಒಬ್ಬ ಮನುಷ್ಯ ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದನ್ನು ನಾನು ನೋಡಬೇಕಿತ್ತು. ಅದಕ್ಕೆ ಮೊದಲು ನಾಲ್ಕು ಜನ ಬೇಕಿದ್ದರು.

ಆಗ ನಾನು ತೆಲುಗು ನಾಡಿನ ರಾಜಧಾನಿಯಲ್ಲಿ, ಅಮೀರ್‌ಪೇಟೆಯ ಒಂದು ತರಬೇತಿ ಸಂಸ್ಥೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಸುತ್ತಿದ್ದೆ. ಮಹಡಿಗೊಂದು ಸಂಸ್ಥೆ, ಮೆಟ್ಟಿಲ ತುಂಬ ನೌಕರಿಗಾಗಿ ಬಂದ ಹುಡುಗ ಹುಡುಗಿಯರು. ಮನೆ ಮಿಯಾಪುರದಲ್ಲಿ, ನಾಲ್ಕನೇ ಮಹಡಿಯ ಫ್ಲ್ಯಾಟು. ರಾಯಚೂರು ಕಡೆಯಿಂದ ಬಂದ ನಮ್ಮ ಜೊತೆ ನನ್ನ ಗಂಡನ ತಾಯಿಯೂ ಇದ್ದರು. ನಮ್ಮ ಕಡೆ ಅತ್ತೆ ಅನ್ನುವುದಿಲ್ಲ, ಅತ್ತಿ ಅನ್ನುತ್ತೇವೆ. ಅತ್ತಿ ಹಗಲೆಲ್ಲ ಬಾಗಿಲ ಮುಂದೆ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಲಿಫ್ಟಿನಿಂದ ಇಳಿದವರು ತೆಲುಗಿನವರಿರಲಿ, ಹಿಂದಿಯವರಿರಲಿ, "ಊಟ ಆತೇನ್ರಿ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ತೆಲುಗು ಹೆಂಗಸು ಕೊನೆಗೆ "ಆತ್ರಿ, ನಿಮ್ದು?" ಎನ್ನುವಷ್ಟು ಕಲಿತುಬಿಟ್ಟಿದ್ದಳು. ಒಂದು ಬೇಸಿಗೆಯಲ್ಲಿ ಸಣ್ಣ ಜ್ವರವೊಂದು ನೆವವಾಗಿ ಅತ್ತಿ ತೀರಿಕೊಂಡರು. ಆ ಖಾಲಿ ಜಾಗ ದಾಟಿ ದಾಟಿ ಸಾಕಾಗಿ, ಜೀವನದಲ್ಲಿ ಮೊದಲ ಸಲ ನಾನೊಂದು ಕವಿತೆ ಬರೆದೆ. ಅದು ಶುರುವಾಗುವುದು ಹೀಗೆ:

ಬಾಗಿಲ ಮುಂದ ಅತ್ತಿ ಇಲ್ಲ,
ಮನಿಗಿ ನೆರಳ ಇಲ್ಲ;
ನಾಕನೇ ಮಹಡಿ ಹತ್ತಿದ ಬಿಸಲು
ಕೇಳದನ ಒಳಗ ಬರತೈತಿ.

ಆ ನವೆಂಬರಿನಲ್ಲಿ ಕನ್ನಡ ಸಂಘದ ಕವಿಗೋಷ್ಠಿಗೆಂದು ಅದನ್ನು ಒಯ್ದೆ. ಸಂಘದ ಅಧ್ಯಕ್ಷರು ಮೈಸೂರು ಕಡೆಯ ನಿವೃತ್ತ ಅಧಿಕಾರಿ. ಕನ್ನಡಕ ಏರಿಸಿ ಓದಿದರು.

"ಭಾವ ಇದೆ ಕಣಮ್ಮ. ಆದ್ರೆ ಇದು ಆಡುಮಾತು. ಇದ್ರಲ್ಲಿ ಕವಿತೆ ಆಗಲ್ಲ. ಇಲ್ಲೇ ಇಟ್ಟು ಹೋಗು, ನೋಡೋಣ."

ಓದುವವರಲ್ಲಿ ನನ್ನನ್ನು ಸೇರಿಸಲಿಲ್ಲ. ಬೇಸರವಾಯಿತು, ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಯುಗಾದಿಯ ಕಾರ್ಯಕ್ರಮದಲ್ಲಿ. ಅಧ್ಯಕ್ಷರು ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ, ತಮ್ಮ ಹೊಸ ಕವಿತೆ ಎಂದು ಶುರುಮಾಡಿದರು: "ಬಾಗಿಲ ಮುಂದೆ ಅತ್ತಿಮರವಿಲ್ಲ, ಮನೆಗೆ ನೆರಳಿಲ್ಲ..." ಸಾಲಿಗೆ ಸಾಲು ನನ್ನದೇ, ಭಾಷೆಯಷ್ಟೇ ಮಡಿಯುಟ್ಟಿತ್ತು. ಕಡೆಗೆ ಕಡಿದ ಮರಗಳ ಬಗ್ಗೆ ಎರಡು ಸಾಲು ಸೇರಿಸಿದ್ದರು. ಸಭೆ ಚಪ್ಪಾಳೆ ತಟ್ಟಿತು. ಪರಿಸರ ಕಾಳಜಿ ಎಂದು ನಿರೂಪಕಿ ಹೊಗಳಿದಳು.

ನನ್ನ ಗಂಡ ನನ್ನ ಕಿವಿಯ ಹತ್ತಿರ ಬಗ್ಗಿದ. "ನಮ್ಮವ್ವನ್ನ ಗಿಡಾ ಮಾಡ್ಯಾನಲ್ಲ!"

ಊಟದ ಸಾಲಿನಲ್ಲಿ ಅಧ್ಯಕ್ಷರನ್ನು ಹಿಡಿದೆ. "ಸಾರ್, ಅದು ನನ್ನ ಕವಿತಾ."

ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. "ಭಾವನೆಗಳು ಯಾರಪ್ಪನ ಸೊತ್ತಮ್ಮ? ಇಬ್ಬರಿಗೆ ಒಂದೇ ಥರ ಹೊಳೀಬಹುದು. ನೀನೂ ಓದ್ಕೊ, ಕಲಿ."

ಕಲಿತೆ. ಮುಂದಿನ ಭಾನುವಾರವೇ ಸಂಸ್ಥೆಯ ಮಾಲೀಕರನ್ನು ಕೇಳಿ ಮಧ್ಯಾಹ್ನ ಖಾಲಿಯಿರುವ ಒಂದು ಕ್ಲಾಸ್‌ರೂಮ್ ಪಡೆದೆ. ಗೊತ್ತಿದ್ದ ಕನ್ನಡದವರಿಗೆಲ್ಲ ಹೇಳಿದೆ. ನಿಯಮ ಒಂದೇ, ಬರೆದರೆ ಮನೆಯ ಮಾತಿನಲ್ಲೇ ಬರೆಯಬೇಕು. ಅಧ್ಯಕ್ಷರಿಗೆ ಉರಿಯಲಿ ಎಂದಷ್ಟೇ ಆ ನಿಯಮ ಮಾಡಿದ್ದು.

ಮೊದಲು ಬಂದವಳು ಮಂಗಳೂರಿನ ಒಬ್ಬ ಹುಡುಗಿ. ಹಾಸ್ಟೆಲಿನಲ್ಲಿದ್ದು ಕಂಪನಿಯ ಕೆಲಸಕ್ಕೆ ಹೋಗುತ್ತಿದ್ದಳು.

"ನಮ್ಮ ಊರ ಕನ್ನಡದಲ್ಲಿ ಬರೆದ್ರೆ ಎಲ್ಲ ನಗಾಡ್ತಾರೆ ಮಾರಾಯ್ರೆ," ಅಂದಳು.

"ನಗಲಿ. ಯಾರ್‍ಯಾರು ನಗತಾರ, ನೆನಪಿಟ್ಕೋ," ಅಂದೆ.

ಆಮೇಲೆ ಯಾದಗಿರಿ ಕಡೆಯ ಒಬ್ಬ ಮೇಸ್ತ್ರಿ ಬಂದ. ಮಣಿಕೊಂಡದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರಲ್ಲಿ ಅವನ ಊರಿನ ಮಂದಿ ಕೆಲಸಕ್ಕಿದ್ದರು. ಅವನಿಗೆ ಕವಿತೆಗಿಂತ ನೀರಿನದೇ ಚಿಂತೆ.

"ಶೆಡ್ಡಿನಾಗ ಕುಡ್ಯಾಕ ನೀರಿಲ್ರಿ ಮೇಡಂ. ಕಂತ್ರಾಟದಾರಗ ಹೇಳಿ ಹೇಳಿ ಸಾಕಾಗೇತಿ. ನಾಳಿ ಟ್ಯಾಂಕರ್ ಬರತೈತಿ ಅಂತಾನ, ದಿನಾ ಅದಽ ಮಾತು."

"ಹೇಳಬ್ಯಾಡ್ರಿ. ಹಾಡ್ರಿ."

ಅಲ್ಲೇ ಕೂತು ಎಲ್ಲರೂ ಸೇರಿ ಕಟ್ಟಿದೆವು: "ಟ್ಯಾಂಕರ್ ಬರತೈತಿ ನಾಳಿಗೆ, ನಾಳಿ ಬರತೈತಿ ಯಾವಾಗ?" ಕಾಂಕ್ರೀಟು ಬುಟ್ಟಿ ಕೈಬದಲಾಯಿಸುವ ಹೆಂಗಸರ ಬಾಯಿಗೆ ಅದು ಸರಿಯಾಗಿ ಕೂತಿತು. ಅವರು ಹಾಡಿದರು, ನಕ್ಕರು, ಮತ್ತೆ ಹಾಡಿದರು. ಏನದು ಎಂದು ಕಂತ್ರಾಟದಾರ ಕೇಳಿದಾಗ ಯಾರೋ ತೆಲುಗಿನಲ್ಲಿ ಬಿಡಿಸಿ ಹೇಳಿದರಂತೆ. ಫ್ಲ್ಯಾಟು ನೋಡಲು ಬಂದ ಗಿರಾಕಿಗಳೂ ಅಲ್ಲೇ ಇದ್ದರಂತೆ. ಅದೇ ವಾರ ಟ್ಯಾಂಕರ್ ಬಂತು. ಕಾವ್ಯದಿಂದ ಸಮಾಜಕ್ಕೇನು ಉಪಯೋಗ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ: ದೂರನ್ನು ಕಸದ ಬುಟ್ಟಿಗೆ ಹಾಕಬಹುದು, ಜನರ ಬಾಯಿಗೆ ಬಿದ್ದ ಪದವನ್ನು ಎಲ್ಲಿಗೆ ಹಾಕುತ್ತೀರಿ?

ಆ ಸುದ್ದಿ ಹಬ್ಬಿದ ಮೇಲೆ ಕ್ಲಾಸ್‌ರೂಮಿನ ಬೆಂಚುಗಳು ಸಾಲದಾದವು. ಎಲ್ಲರಿಗೂ ಯಾರ ಮೇಲೋ ಏನೋ ಹೇಳುವುದಿತ್ತು. ನಾನು ಮಾತ್ರ ಕಾಯುತ್ತಿದ್ದೆ. ವರ್ಷ ತುಂಬಿದಾಗ ಸಮಾರಂಭ ಮಾಡಿ ಅಧ್ಯಕ್ಷರನ್ನೇ ಮುಖ್ಯ ಅತಿಥಿಯಾಗಿ ಕರೆದೆ. ಖುಷಿಯಿಂದ ಬಂದರು. ಶಾಲು ಹೊದಿಸಿದೆ.

"ಸಾರ್, ನಿಮ್ಮ ಆ ಅತ್ತಿಮರದ ಕವಿತಾ ಓದ್ರಿ. ನಮ್ಮ ಮಂದಿ ಕೇಳಿಲ್ಲ."

ಬಾಯಿಪಾಠವಾಗಿತ್ತು ಅವರಿಗೆ. ಕಣ್ಣು ಮುಚ್ಚಿ ಪೂರ್ತಿ ಹೇಳಿದರು. ಚಪ್ಪಾಳೆ ನಿಂತ ಮೇಲೆ ಅತ್ತಿಯ ಫೋಟೊವನ್ನು ದೀಪದ ಪಕ್ಕ ಇಟ್ಟು ನನ್ನ ಕವಿತೆ ಓದಿದೆ, ಹುಟ್ಟಿದ ಮಾತಿನಲ್ಲೇ. ಮೊದಲ ಸಾಲಿಗೇ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಓದಿ ಮುಗಿಸಿ ಕೇಳಿದೆ:

"ಅತ್ತಿ ಅಂದ್ರ ನಿಮ್ಮೂರಾಗ ಏನ್ರಿ?"

"ಗಂಡನ ಅವ್ವರಿ!" ಎಂದು ಮೇಸ್ತ್ರಿ ಕೂಗಿದ.

"ಇವರು ನಮ್ಮ ಅತ್ತಿ. ಈ ಕವಿತಾ ಇವರು ಸತ್ತಾಗ ಬರದಿದ್ದು. ಹಾಳಿ ಸಾರ್ ಕೈಯಾಗ ಕೊಟ್ಟು ಬಂದಿದ್ದೆ. ಸಾರ್ ಇವರನ್ನ ಗಿಡಾ ಮಾಡ್ಯಾರ."

ನಗು ಹಿಂದಿನ ಬೆಂಚಿನಿಂದ ಶುರುವಾಗಿ ಮುಂದಕ್ಕೆ ಬಂತು. ಅಧ್ಯಕ್ಷರು ಎದ್ದು ಗಂಟಲು ಸರಿಮಾಡಿಕೊಂಡರು. ಕ್ಷಮೆ ಕೇಳುತ್ತಾರೆಂದು ನಾನೂ ಒಂದು ಗಳಿಗೆ ನಂಬಿದ್ದೆ.

"ಶಬ್ದಾರ್ಥದಲ್ಲಿ ಒಂದು ಸಣ್ಣ ಪ್ರಮಾದ ಆಗಿದೆ," ಅಂದರು. "ತಿದ್ದಿಕೊಳ್ತೀನಿ."

"ಅರ್ಥ ಬಿಡ್ರಿ, ಕವಿತಾನ ನಿಮ್ದಲ್ಲ!" ನನ್ನ ಗಂಡ ಎದ್ದು ನಿಂತಿದ್ದ. ಸಭೆಯಲ್ಲಿ ಬಾಯಿ ತೆರೆಯದ ಮನುಷ್ಯ ಅವನು.

ಈ ಸಲ ಯಾರೂ ನಗಲಿಲ್ಲ. ನಗು ಇದ್ದಿದ್ದರೇ ಅವರಿಗೆ ಸುಲಭವಿತ್ತು. ಅವರು ತಲೆ ತಗ್ಗಿಸಿ, ಚಪ್ಪಲಿ ಹುಡುಕಿ, ಶಾಲು ಹೊದ್ದುಕೊಂಡೇ ಮೆಟ್ಟಿಲಿಳಿದರು. ವಯಸ್ಸಾದವರು, ಪಾಪ ಎನಿಸಲಿಲ್ಲವೇ ಎಂದು ಮಂಗಳೂರಿನ ಹುಡುಗಿ ಆಮೇಲೆ ಕೇಳಿದಳು. ಇಲ್ಲ. ಅಂದು ಉಂಡ ಊಟದ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಕೆಲಸ ಮುಗಿಯಿತಲ್ಲ ಎಂದು ಮುಂದಿನ ಭಾನುವಾರ ನಾನು ಹೋಗಲಿಲ್ಲ. ಮೇಸ್ತ್ರಿಯ ಫೋನು ಬಂತು. "ಬಾಗಲಾ ಹಾಕೈತ್ರಿ ಮೇಡಂ. ಎಲ್ಲಾರೂ ಮೆಟ್ಟಲ ಮ್ಯಾಲ ಕುಂತೀವಿ. ಲಗೂ ಬರ್ರಿ, ಇವತ್ತ ಹೊಸಬರು ಭಾಳ ಮಂದಿ ಬಂದಾರ." ಬಸ್ಸು ಹಿಡಿದು ಹೋದೆ. ಅವರ ಕವಿತೆಗಳಿಗೆ ನನ್ನ ಸೇಡಿನ ಹಂಗೇ ಇರಲಿಲ್ಲ. ಕೂಟ ನನ್ನ ಕೈಮೀರಿ ಬೆಳೆದದ್ದು ಹಾಗೆ.

ಸಂಘದ ಯುಗಾದಿಗೆ ಈಗಲೂ ತಪ್ಪದೆ ಹೋಗುತ್ತೇನೆ. ಬೇಗ ಹೋಗಿ ಮುಂದಿನ ಸಾಲಿನ ನಡುವಿನ ಕುರ್ಚಿ ಹಿಡಿಯುತ್ತೇನೆ. ಅಧ್ಯಕ್ಷರು ಸ್ವಾಗತ ಮಾಡುತ್ತಾರೆ, ವಂದನೆ ಹೇಳುತ್ತಾರೆ. ಕವಿತೆ ಓದುವುದಿಲ್ಲ.